ಹದಿನಾಲ್ಕಪ್ಪನ ಕೈ

"ಎರಡು ಇಂಚು ಸಾಕಾಗಲ್ಲ ಆಂಟಿ, ಮೂರಾದ್ರೂ ಒಳಗೆ ಹಿಡೀಬೇಕು," ಎಂದು ಹದಿನಾಲ್ಕಪ್ಪನ ಮಗಳು ಬಾಗಿಲಲ್ಲಿ ನಿಂತು ಹೇಳುವ ಹೊತ್ತಿಗೆ ಹೊಲಿಗೆಯಮ್ಮ ಪ್ಯಾಂಟಿನ ಸೊಂಟಪಟ್ಟಿ ಬಿಚ್ಚಿ ಮುಗಿಸಿದ್ದಳು. ಬೂದು ಬಣ್ಣದ ಪ್ಯಾಂಟು, ನಾಲ್ಕು ವರ್ಷದ ಹಿಂದೆ ಅವಳೇ ಹೊಲಿದುಕೊಟ್ಟದ್ದು. ಅದನ್ನು ತೊಡಬೇಕಾದವನು ಎರಡು ಮಹಡಿ ಮೇಲೆ ತನ್ನ ಮನೆಯ ನಡುಕೋಣೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಹನ್ನೊಂದೂವರೆಗೆ ಚಿತಾಗಾರದ ಗಾಡಿ ಬರಲಿತ್ತು. ಈಗ ಒಂಬತ್ತೂ ಮುಕ್ಕಾಲು.

"ಇಷ್ಟು ಇಳಿದುಹೋಗಿದ್ರಾ?" ಎಂದಳು ಹೊಲಿಗೆಯಮ್ಮ.

"ನನಗೂ ಇವತ್ತೇ ಗೊತ್ತಾಗಿದ್ದು. ಫೋನಲ್ಲಿ ಸೊಂಟ ಎಲ್ಲಿ ಕಾಣುತ್ತೆ?" ಮಗಳು ಒಳಗೆ ಬಂದು ಸ್ಟೂಲಿನ ಮೇಲೆ ಕೂತಳು. ಇನ್ನೊಂದು ಊರಿನ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು, ನಿನ್ನೆ ಸಂಜೆ ಬಸ್ಸಿಳಿದವಳು ಇನ್ನೂ ಅದೇ ಬಟ್ಟೆಯಲ್ಲಿದ್ದಳು. ಪ್ಯಾಂಟಿನ ಬಲಬದಿಯ ಬೆಲ್ಟಿನ ಕುಣಿಕೆಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು. "ಇದೊಂದ್ ಮಾತ್ರ ಯಾಕೆ ಇಷ್ಟು ದಪ್ಪ?"

"ಭಾರಕ್ಕೆ. ಅವರ ಸಲಕರಣೆ ಚೀಲ ಅಲ್ಲೇ ತಾನೆ ನೇತಾಡ್ತಿದ್ದಿದ್ದು? ಒಂದೆಳೆ ಹೊಲಿಗೆ ಆರು ತಿಂಗಳಿಗೆ ಕಿತ್ತು ಬರ್ತಿತ್ತು. ಅದಕ್ಕೆ ಎರಡು ಪಟ್ಟು ಮಾಡಿದ್ದೆ."

ಮಗಳು ತಲೆಯಾಡಿಸಿದಳು. ಆಮೇಲೆ, ರಾತ್ರಿಯೆಲ್ಲ ಕಟ್ಟಿಟ್ಟುಕೊಂಡಿದ್ದ ಮಾತನ್ನು ಈಗ ಬಿಚ್ಚುವವಳಂತೆ ಕೇಳಿದಳು: "ಆಂಟಿ, ನೀವು ಹತ್ತಿರದಿಂದ ನೋಡಿದೋರು. ಅಪ್ಪನ ಕೈ ಯಾವಾಗಿಂದ ಸೋಲ್ತಾ ಬಂತು? ಮೊದಲು ಗೊತ್ತಾಗಿದ್ದು ನಿಮ್ಮನೇಲೇ ಅಂತೆ. ಹೋದ ವರ್ಷ ನಾನು ನರದ ಡಾಕ್ಟರ್ ಹತ್ರ ಕರ್ಕೊಂಡು ಹೋದೆ. ಏನೂ ಇಲ್ಲ ಅಂದ್ರು. ನಾನೂ ಸುಮ್ಮನಾಗ್ಬಿಟ್ಟೆ. ಇನ್ನೊಬ್ರಿಗೆ ತೋರಿಸ್ಬೇಕಿತ್ತು. ಒಳಗೆ ಏನೋ ಇತ್ತು, ಅದೇ ಕೊನೇಗೆ ಎದೆಗೆ ಬಂತು. ನಾನು ಬೇಜವಾಬ್ದಾರಿ ಮಾಡ್ದೆ."

ಹೊಲಿಗೆಯಮ್ಮ ಬಾಯಿ ತೆರೆದಳು. ತೆರೆದ ಬಾಯಲ್ಲಿ ಒಂದು ಗುಂಡುಸೂಜಿ ಕಚ್ಚಿಕೊಂಡು ಮೆಷೀನು ತುಳಿಯತೊಡಗಿದಳು. ಮೆಷೀನಿನ ಸದ್ದಿನಲ್ಲಿ ಉತ್ತರ ಕೊಡದಿದ್ದರೂ ನಡೆಯುತ್ತದೆ. ಮಗಳು ಎದ್ದು ಮೇಲೆ ಹೋದಳು.

ಹದಿನಾಲ್ಕಪ್ಪನ ಕೈಗೆ ಏನೂ ಆಗಿರಲಿಲ್ಲ. ನರಕ್ಕೂ ಆಗಿರಲಿಲ್ಲ, ಬೆರಳಿಗೂ ಆಗಿರಲಿಲ್ಲ. ಈ ಸಂಗತಿ ಜಗತ್ತಿನಲ್ಲಿ ಒಬ್ಬಳಿಗೇ ಗೊತ್ತಿತ್ತು. ಅವಳು ಈಗ ಸತ್ತವನ ಸೊಂಟವನ್ನು ಮೂರು ಇಂಚು ಕಿರಿದು ಮಾಡುತ್ತ ಕೂತಿದ್ದಳು.

*

ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಬಸ್ಸಿನ ಬಾಗಿಲು, ಕಿಟಕಿ, ಸೀಟು ಬಿಗಿಯುವ ಕೆಲಸ ಮಾಡಿ ನಿವೃತ್ತನಾದ ಮೇಲೆ ಅವನು ನಾಲ್ಕನೇ ಮಹಡಿಗೆ ಬಾಡಿಗೆಗೆ ಬಂದ. ಹೆಂಡತಿ ಹೋಗಿ ಆಗಲೇ ಎರಡು ವರ್ಷವಾಗಿತ್ತು. ಸೊಂಟದಲ್ಲಿ ಚರ್ಮದ ಚೀಲ, ಚೀಲದಲ್ಲಿ ಒಂದು ಮಲ್ಟಿಟೂಲ್. ಮಡಿಚಿದರೆ ಅಂಗೈಯಲ್ಲಿ ಅಡಗುವ ಆ ಉಕ್ಕಿನ ತುಂಡನ್ನು ಬಿಡಿಸಿದರೆ ಇಕ್ಕಳ, ಚಾಕು, ಕತ್ತರಿ, ಅರ, ಗರಗಸ, ಎರಡು ಮೂರು ಥರದ ಸ್ಕ್ರೂಡ್ರೈವರ್, ಇನ್ನೂ ಏನೇನೋ. ಯಾರು ಸಿಕ್ಕರೂ "ಇದರಲ್ಲಿ ಹದಿನಾಲ್ಕಿದಾವೆ" ಎಂದು ಒಂದೊಂದೇ ಬಿಡಿಸಿ ತೋರಿಸುತ್ತಿದ್ದ. ಮೂರು ತಿಂಗಳೊಳಗೆ ಕಟ್ಟಡದವರು ಅವನ ಹೆಸರು ಮರೆತು ಹದಿನಾಲ್ಕಪ್ಪ ಎಂದು ಕರೆಯತೊಡಗಿದರು. ಅವನು ಅದಕ್ಕೆ ಓಗೊಟ್ಟ.

ಅವನ ಬಳಿ ಇದ್ದದ್ದು ಒಂದಲ್ಲ, ಮೂರು. ದೊಡ್ಡದು ಸೊಂಟಕ್ಕೆ, ಸಣ್ಣದು ಬೀಗದ ಕೈಗೊಂಚಲಿಗೆ, ತುದಿ ಮುರಿದ ಹಳೆಯದು ದಿಂಬಿನ ಪಕ್ಕಕ್ಕೆ. "ಮನೇಲಿರೋ ದೊಡ್ಡ ಪೆಟ್ಟಿಗೆಗಿಂತ ಮೈಮೇಲಿರೋ ಸಣ್ಣದು ಮೇಲು," ಎನ್ನುತ್ತಿದ್ದ. ಒಮ್ಮೆ ಸಿನಿಮಾಕ್ಕೆ ಹೋದಾಗ ಬಾಗಿಲ ಕಾವಲಿನವನು ಅದನ್ನು ಇಲ್ಲೇ ಬಿಟ್ಟು ಹೋಗಿ ಎಂದನಂತೆ. ಟಿಕೆಟು ಕೈಯಲ್ಲೇ ಹಿಡಿದು ಮನೆಗೆ ವಾಪಸು ಬಂದ. ಕೇಳಿದವರಿಗೆ, "ಕಣ್ಣಿಗೆ ಮೂರು ಗಂಟೆ ಸಂತೋಷ ಅಂತ ಸೊಂಟಕ್ಕೆ ಮೂರು ಗಂಟೆ ಸಂಕಟ ಕೊಡೋಕಾಗುತ್ತಾ?" ಎಂದ. ಅದನ್ನು ಯಾರಿಗೂ ಎರವಲು ಕೊಡುತ್ತಿರಲಿಲ್ಲ. "ಸಲಕರಣೆ ಕೊಡಲ್ಲ, ಬೇಕಾದ್ರೆ ಕೈ ಕೊಡ್ತೀನಿ," ಎಂದು ತಾನೇ ಬರುತ್ತಿದ್ದ.

ಹಾಗೆಯೇ ಒಂದು ದಿನ ಎರಡನೇ ಮಹಡಿಗೆ ಬಂದ. ಹೊಲಿಗೆಯಮ್ಮ ಬಟ್ಟೆ ಇಡುವ ಮರದ ಬೀರುವಿನ ಬಾಗಿಲು ಕೀಲಿನಲ್ಲಿ ಸಡಿಲಗೊಂಡು ನೆಲಕ್ಕೆ ಉಜ್ಜುತ್ತಿತ್ತು, ನಿಜವಾಗಿಯೂ. ಅವನು ಮೊಣಕಾಲೂರಿ ಕೂತು ಕೀಲಿನ ಆರು ತಿರುಪುಗಳನ್ನು ಬಿಗಿದ. ಹತ್ತು ನಿಮಿಷದ ಕೆಲಸ. ಆಮೇಲೆ ಟೀ ಕುಡಿಯುತ್ತ ಒಂದೂವರೆ ಗಂಟೆ ಕೂತ. ದೊಡ್ಡದೊಂದನ್ನು ಇಟ್ಟುಕೊಳ್ಳುವುದು ಮೇಲೋ ಸಣ್ಣವೆರಡು ಮೇಲೋ ಎಂಬ ಬಗ್ಗೆ ಮಾತಾಡಿದ, ಬಸ್ಸಿನ ಬಾಗಿಲು ಬಡಿದುಕೊಳ್ಳುವ ಸದ್ದಿನಿಂದಲೇ ಯಾವ ತಿರುಪು ಹೋಗಿದೆ ಎಂದು ಹೇಳಬಹುದೆಂದ. ಅವಳ ಮೆಷೀನಿನ ಸದ್ದು ಕೇಳಿ, "ಇದಕ್ಕೆ ಆರೋಗ್ಯ ಚೆನ್ನಾಗಿದೆ," ಎಂದ. ಅವಳು ನಕ್ಕಳು. ಗಂಡ ಸತ್ತು ಹನ್ನೆರಡು ವರ್ಷವಾಗಿತ್ತು. ಅಳತೆ ಕೊಡಲು ಬಂದವರ ಹೊರತು ಆ ಕೋಣೆಯಲ್ಲಿ ಯಾರೂ ಕೂತು ಮಾತಾಡಿದ್ದು ಅವಳಿಗೆ ನೆನಪಿರಲಿಲ್ಲ.

ಅವನು ಹೋದ. ಬಾಗಿಲು ನಿಂತಿತು. ಒಂದು ತಿಂಗಳು ನಿಂತಿತು, ಎರಡು ತಿಂಗಳು ನಿಂತಿತು, ನಾಲ್ಕು ತಿಂಗಳಾದರೂ ಅಲುಗಲಿಲ್ಲ. ಹೊಲಿಗೆಯಮ್ಮ ದಿನಕ್ಕೆ ಹತ್ತು ಸಲ ಅದನ್ನು ತೆಗೆದಳು, ಮುಚ್ಚಿದಳು. ಪಾಪಿ ಕೈ, ಅಷ್ಟು ಗಟ್ಟಿ ಮಾಡಿ ಹೋಗಿತ್ತು.

"ಟೀ ಕುಡಿಯೋಕೆ ಬನ್ನಿ" ಎಂದರೆ ಮುಗಿಯುತ್ತಿತ್ತು. ಹೊಲಿಗೆಯಮ್ಮ ಅದನ್ನು ಹೇಳಲಾರದೆ ಹೋದಳು. ಒಂಟಿ ಹೆಂಗಸು, ಒಂಟಿ ಗಂಡಸು. ಗೋಡೆಗೂ ಕಿವಿ ಎನ್ನುತ್ತಾರೆ, ಆ ಕಟ್ಟಡದ ಮೆಟ್ಟಿಲಿಗೆ ಕಿವಿಯ ಜೊತೆ ನಾಲಗೆಯೂ ಇತ್ತು. ಆದರೆ "ಬಾಗಿಲು ಸಡಿಲ ಆಗಿದೆ" ಎಂದು ನಡುಬೀದಿಯಲ್ಲಿ ನಿಂತು ಕೂಗಿದರೂ ಯಾರೂ ಹುಬ್ಬೇರಿಸುವುದಿಲ್ಲ. ಐದನೇ ತಿಂಗಳು ಅವಳು ಮೆಷೀನಿನ ಜೊತೆ ಬಂದಿದ್ದ ಪುಟ್ಟ ಸ್ಕ್ರೂಡ್ರೈವರ್ ತೆಗೆದುಕೊಂಡು, ಬೀರುವಿನ ಮುಂದೆ ಕೂತು, ಮೇಲಿನ ಮೂರು ತಿರುಪುಗಳನ್ನು ಒಂದೊಂದು ಸುತ್ತು ಸಡಿಲ ಮಾಡಿದಳು. ಆಮೇಲೆ ಮುಖ ತೊಳೆದು ನಾಲ್ಕನೇ ಮಹಡಿಗೆ ಹತ್ತಿದಳು.

*

ಪ್ಯಾಂಟು ಮಡಿಚಿ ಹಿಡಿದು ಅವಳು ಮೇಲೆ ಬಂದಾಗ ನಡುಕೋಣೆಯಲ್ಲಿ ಹತ್ತು ಹನ್ನೆರಡು ಜನ ಗೋಡೆಗೊರಗಿ ನಿಂತಿದ್ದರು. ಡಿಪೋದ ಹಳೆಯ ಫೋರ್‌ಮನ್ ಒಬ್ಬನೇ ಕುರ್ಚಿಯಲ್ಲಿದ್ದ, ಎಂಬತ್ತರ ಹತ್ತಿರದ ಭಾರೀ ಆಳು. ಅವನ ಪಕ್ಕದಲ್ಲಿ ಮೊದಲ ಮಹಡಿಯ ಬ್ಯಾಂಕ್ ಗುಮಾಸ್ತ. ಸಾವಿನ ಮನೆಯಲ್ಲಿ ಮೌನ ಹೆಚ್ಚಾದರೆ ಅದನ್ನು ತುಂಬುವುದು ತನ್ನ ಕರ್ತವ್ಯ ಎಂದುಕೊಂಡ ಜನ ಎಲ್ಲ ಕಡೆ ಇರುತ್ತಾರೆ. ಈ ಕಟ್ಟಡಕ್ಕೆ ಗುಮಾಸ್ತ ಇದ್ದ.

"ಒಳ್ಳೇ ಮನುಷ್ಯ, ಸಂಶಯವೇ ಇಲ್ಲ," ಎನ್ನುತ್ತಿದ್ದ ಗುಮಾಸ್ತ. "ಕರೆದ್ರೆ ಬರ್ತಿದ್ರು. ಕೈ ಮಾತ್ರ ನಿಲ್ತಿರಲಿಲ್ಲ, ಪಾಪ. ನಾವು ತಮಾಷೆಗೆ ಹದಿನಾಲ್ಕು ದಿನದ ಗ್ಯಾರಂಟಿ ಅಂತಿದ್ವಿ. ಹದಿನೈದನೇ ದಿನ ಬಾಗಿಲು ಕೈಗೆ ಬರುತ್ತೆ ಅಂತ."

"ನಿಮ್ಮನೇಲಿ ಏನು ಬಿಚ್ಚಿ ಬಂತು?" ಎಂದ ಫೋರ್‌ಮನ್.

"ನಮ್ಮನೇಲಿ ಅಂತಲ್ಲ..."

"ಅಂದ್ರೆ ನೀವು ಮಾಡಿಸ್ಲೇ ಇಲ್ಲ."

"ಕೇಳಿದ್ವಲ್ಲ ಸಾರ್. ಕೇಳಿದ್ಮೇಲೆ ಯಾರು ಮಾಡಿಸ್ತಾರೆ? ಕೊನೇಗೆ ಅವರೇ ಮರ ಹಳೇದು ಅನ್ನೋಕೆ ಶುರು ಮಾಡಿದ್ರಂತೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ."

ಫೋರ್‌ಮನ್ನನ ಕತ್ತು ಕೆಂಪಾಯಿತು. "ನೋಡಿ ಸ್ವಾಮಿ. ಆ ಹದಿನಾಲ್ಕರ ಆಟಿಕೆ ಕಂಡ್ರೆ ನನಗೆ ಆಗ್ತಿರಲಿಲ್ಲ. ಎಲ್ಲಾ ಕೆಲಸಕ್ಕೂ ಬರೋದು ಯಾವ ಕೆಲಸಕ್ಕೂ ನೆಟ್ಟಗೆ ಬರಲ್ಲ ಅಂತ ಮೂವತ್ತು ವರ್ಷ ಬೈದಿದೀನಿ. ಆದ್ರೆ ಕೈ? ಬೆಟ್ಟದ ದಾರಿ ಬಸ್ಸಿನ ಡ್ರೈವರ್‌ಗಳು ಅವನು ಬಾಗಿಲು ಮುಟ್ಟಿ ನೋಡದೆ ಗಾಡಿ ಹೊರಗೆ ತೆಗೀತಿರಲಿಲ್ಲ. ಅವನು ಬಿಗಿದಿದ್ದನ್ನ ಬಿಚ್ಚೋಕೆ ಇಬ್ರು ಬೇಕಾಗ್ತಿತ್ತು."

"ವಯಸ್ಸು ಸಾರ್. ವಯಸ್ಸಾದ್ಮೇಲೆ..."

"ವಯಸ್ಸಲ್ಲ, ಕಾಯಿಲೆ," ಎಂದಳು ಮಗಳು ಮೆಲ್ಲಗೆ. ಕೋಣೆಯವರೆಲ್ಲ ಅವಳ ಕಡೆ ತಿರುಗಿದರು. "ನಾನು ನೋಡಿಕೊಳ್ಳಲಿಲ್ಲ ಅಷ್ಟೆ."

ಯಾರೋ, "ಹಾಗೆಲ್ಲ ಅನ್ಕೋಬೇಡಮ್ಮ," ಎಂದರು. ಹೊಲಿಗೆಯಮ್ಮ ಪ್ಯಾಂಟನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಬಾಯಿ ಬಿಟ್ಟರೆ ಬಣ್ಣಗೇಡು. ಬಿಡದಿದ್ದರೆ ಈ ಹುಡುಗಿ ಬದುಕಿನುದ್ದಕ್ಕೂ ಅಪ್ಪನನ್ನು ತಾನೇ ಕೈಬಿಟ್ಟೆ ಎಂದುಕೊಳ್ಳುತ್ತಾಳೆ, ಈ ಗುಮಾಸ್ತ ಇನ್ನೂ ಹತ್ತು ವರ್ಷ ಅದೇ ತಮಾಷೆ ಹೇಳುತ್ತಾನೆ. ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡಳು. ಅಷ್ಟರಲ್ಲಿ ಮಗಳು ಅವಳ ಕೈಯಿಂದ ಪ್ಯಾಂಟು ತೆಗೆದುಕೊಂಡು, "ತುಂಬಾ ಉಪಕಾರ ಆಯ್ತು ಆಂಟಿ," ಎಂದಳು. ಉಪಕಾರ ಎಂಬ ಮಾತು ಕೇಳಿ ಹೊಲಿಗೆಯಮ್ಮ ಬಾಗಿಲ ಹೊರಗೆ ಹೋಗಿ ನಿಂತಳು.

*

ಮೊದಮೊದಲು ಎರಡು ತಿಂಗಳಿಗೊಮ್ಮೆ. ಆಮೇಲೆ ತಿಂಗಳಿಗೊಮ್ಮೆ. ಬೀರು ಒಂದೇ ಆದರೆ ಚೆನ್ನಾಗಿರುವುದಿಲ್ಲವೆಂದು ನಡುವೆ ಕಿಟಕಿಯ ಚಿಲಕ, ಬಾಣಲೆಯ ಹಿಡಿ, ನಲ್ಲಿಯ ತಿರುಗಣೆ. ಅವನು ಪ್ರತಿ ಸಲ ಚೀಲದ ಗುಂಡಿಯನ್ನು ಟಪ್ಪೆಂದು ಬಿಚ್ಚಿ, ಬೇಕಾದ ಅಲಗನ್ನು ನೋಡದೆಯೇ ಉಗುರಿನಿಂದ ಎಬ್ಬಿಸುತ್ತಿದ್ದ. ಟೀ, ಒಂದು ಗಂಟೆ ಮಾತು. ಒಂದು ಸಲ ಅವಳ ಕನ್ನಡಕದ ಕಾಲಿನ ತಿರುಪನ್ನು ಹೇಳದೆಯೇ ಬಿಗಿದುಕೊಟ್ಟ. ಇನ್ನೊಂದು ಸಲ ಹೆಂಡತಿಯ ಮಾತು ತೆಗೆದು ಅರ್ಧಕ್ಕೇ ನಿಲ್ಲಿಸಿದ. ಅವಳು ಉಳಿದರ್ಧವನ್ನು ಕೇಳಲಿಲ್ಲ. ಆ ಒಂದು ಗಂಟೆಗಾಗಿ ಅವಳು ಉಳಿದ ದಿನಗಳನ್ನು ಸಲೀಸಾಗಿ ಕಳೆಯುತ್ತಿದ್ದಳು.

ತಪ್ಪು ಅದಲ್ಲ. ತಪ್ಪು ಆಗಿದ್ದು ಮೆಟ್ಟಿಲಲ್ಲಿ. ಅವನು ಹೋಗುವುದು ಬರುವುದು ಜನರ ಕಣ್ಣಿಗೆ ಬೀಳುತ್ತದಲ್ಲ, ಅದಕ್ಕೊಂದು ಕಾರಣ ಹರಡಿಬಿಡೋಣವೆಂದು, ಗುಮಾಸ್ತನ ಹೆಂಡತಿ ಎದುರಾದಾಗ ಹೊಲಿಗೆಯಮ್ಮ ಹಣೆ ಚಚ್ಚಿಕೊಂಡು, "ಮತ್ತೆ ಸಡಿಲ ಆಯ್ತು ನೋಡಿ, ಎಷ್ಟು ಸಲ ಮಾಡಿಸೋದು," ಎಂದಳು. ತನ್ನ ಮರ್ಯಾದೆಗೆ ಬೇಲಿ ಹಾಕಿಕೊಳ್ಳಲು ಆಡಿದ ಮಾತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎರಡನೇ ಮಹಡಿಯಲ್ಲಿ ಹುಟ್ಟಿದ ಮಾತಿಗೆ ಮೊದಲ ಮಹಡಿಯಲ್ಲಿ ಒಗ್ಗರಣೆ ಬಿತ್ತು. ವರ್ಷದೊಳಗೆ ಐದೂ ಮಹಡಿಯವರಿಗೆ ಹದಿನಾಲ್ಕಪ್ಪನ ಕೈ ನಿಲ್ಲುವುದಿಲ್ಲ ಎಂದು ಗೊತ್ತಾಯಿತು. ಒಬ್ಬೊಬ್ಬರಾಗಿ ಕರೆಯುವುದನ್ನು ಬಿಟ್ಟರು. ಕೆಳಗಿನ ಗೇಟು, ಲಿಫ್ಟಿನ ಬಾಗಿಲು ಅವನೇ ನೋಡುತ್ತಿದ್ದ. ಅದಕ್ಕೂ ಹೊರಗಿನಿಂದ ಬಡಗಿಯೊಬ್ಬ ಬಂದ. ಹದಿನಾಲ್ಕಪ್ಪನಿಗೆ ಯಾರೂ ಏನೂ ಹೇಳಲಿಲ್ಲ. ಬಡಗಿ ಗೇಟು ಕುಟ್ಟುವ ಸದ್ದು ಕೇಳಿ ಕೆಳಗಿಳಿದು ಬಂದವನು, ಸ್ವಲ್ಪ ಹೊತ್ತು ನೋಡಿ, ಮೇಲೆ ಹತ್ತಿ ಹೋದ. ಹೊಲಿಗೆಯಮ್ಮ ಕಿಟಕಿಯಿಂದ ನೋಡಿದಳು.

ಹೋದ ವರ್ಷ ಒಂದು ಮಧ್ಯಾಹ್ನ ಅವನು ಕೀಲಿನ ತಿರುಪೊಂದನ್ನು ಪೂರ್ತಿ ಹೊರತೆಗೆದು ಬೆಳಕಿಗೆ ಹಿಡಿದು ನೋಡಿದ.

"ಎಳೆ ಸವೆದಿಲ್ಲ," ಎಂದ. "ತೂತೂ ದೊಡ್ಡದಾಗಿಲ್ಲ. ಯಾಕೆ ನಿಲ್ತಿಲ್ಲ ಇದು?"

"ಮರ ಹಳೇದು," ಎಂದಳು ಹೊಲಿಗೆಯಮ್ಮ.

"ಮರ ಅಲ್ಲಮ್ಮ." ಅವನು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ಬಿಗೀವಾಗ ಬಿಗಿಯಾಗಿದೆ ಅನ್ಸುತ್ತೆ. ಇಲ್ಲಿ ಗೊತ್ತಾಗುತ್ತಲ್ಲ, ಇಲ್ಲಿ." ಹೆಬ್ಬೆರಳಿನ ಬುಡ ತೋರಿಸಿದ. "ಈಗ ಅದು ಸುಳ್ಳು ಹೇಳ್ತಿದೆ. ಕೈಯೇ ಸುಳ್ಳು ಹೇಳೋಕೆ ಶುರು ಮಾಡಿದ್ರೆ ಇನ್ನು ಯಾರನ್ನ ನಂಬೋದು?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸುಳ್ಳು ಹೇಳಿದವಳು ಎದುರಿಗೇ ಟೀ ಲೋಟ ಹಿಡಿದು ನಿಂತಿದ್ದಳು. ಅವನು ಆ ದಿನ ತೂತುಗಳಿಗೆಲ್ಲ ಮರದ ಚಿಕ್ಕ ಸೀಳು ಅಂಟುಹಾಕಿ ತುಂಬಿ, ಉದ್ದದ ಹೊಸ ತಿರುಪು ಹಾಕಿದ. ಎರಡು ಗಂಟೆ ಹಿಡಿಯಿತು. ಟೀ ಆರಿತು, ಕುಡಿಯಲಿಲ್ಲ.

ಅದಾದ ಮೇಲೆ ಹೊಲಿಗೆಯಮ್ಮ ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಐದು ತಿಂಗಳು ತಡೆದುಕೊಂಡಳು. ಬಾಗಿಲು ಬಂಡೆಯ ಹಾಗೆ ನಿಂತಿತು. ಆದರೆ ನಿಂತಿದೆ ಎಂದು ನೋಡಲು ಅವನು ಬರಲಿಲ್ಲ. ಮುರಿಯದ ಮನೆಗೆ ಅವನು ಹೇಗೆ ಬರುತ್ತಾನೆ? ಮೆಟ್ಟಿಲಲ್ಲಿ ಸಿಕ್ಕರೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದ. ಸೊಂಟದಲ್ಲಿ ಚೀಲ ಇರಲಿಲ್ಲ. ಬೆಲ್ಟಿನ ಮೇಲೆ ಅದು ಇದ್ದ ಜಾಗ ಬೇರೆ ಬಣ್ಣದಲ್ಲಿ ಉಳಿದಿತ್ತು. ಅದನ್ನು ನೋಡಲಾರದೆ ಅವಳು ಆರನೇ ತಿಂಗಳು ಮತ್ತೆ ಬೀರುವಿನ ಮುಂದೆ ಕೂತಳು. ಉದ್ದದ ತಿರುಪುಗಳು ಜಗ್ಗಲಿಲ್ಲ. ಎರಡೂ ಕೈ ಹಾಕಿ, ಉಗುರು ಮುರಿದುಕೊಂಡು, ಒಂದು ಮಧ್ಯಾಹ್ನ ಪೂರ್ತಿ ಒದ್ದಾಡಿ ಅವನ್ನು ಸಡಿಲ ಮಾಡಿದಳು. ಮತ್ತೆ ಚೀಲ ಕಟ್ಟಿಕೊಂಡು ಬರಲಿ ಎಂದೇ ಮಾಡಿದಳು.

ಅವನು ಬಂದ, ಬರಿಗೈಯಲ್ಲಿ. ಬಾಗಿಲನ್ನು ಎರಡು ಬೆರಳಿಂದ ಎತ್ತಿ ಅಲ್ಲಾಡಿಸಿ ನೋಡಿದ. ಕೂರಲಿಲ್ಲ. ಜೇಬಿನಿಂದ ಚೀಟಿಯೊಂದನ್ನು ತೆಗೆದು ಮೆಷೀನಿನ ಮೇಲಿಟ್ಟ. ಗೇಟು ಮಾಡಿದ ಬಡಗಿಯ ಫೋನ್ ನಂಬರ್.

"ಅವನ ಕೈಲಿ ಮಾಡಿಸ್ಕೊಳಿ. ನಿಮ್ಮ ಬಾಗಿಲನ್ನ ನಾನು ಇನ್ನೂ ಹಾಳು ಮಾಡೋದು ಬೇಡ."

"ಟೀ..." ಎಂದಳು ಅವಳು.

"ಕೆಲಸ ಮಾಡ್ದೆ ಏನು ಟೀ?" ಎಂದು ನಕ್ಕು ಹೋದ. ಅದಾಗಿ ಎರಡೂವರೆ ತಿಂಗಳಾಗಿತ್ತು. ಬೀರುವಿನ ಬಾಗಿಲು ಇನ್ನೂ ಹಾಗೆಯೇ ಜೋತುಬಿದ್ದಿತ್ತು.

*

ಚಿತಾಗಾರದಲ್ಲಿ ಕಾಯುವ ಕೋಣೆಯ ಕುರ್ಚಿಗಳು ನಾಲ್ಕು ನಾಲ್ಕಾಗಿ ಒಂದಕ್ಕೊಂದು ಬಿಗಿದಿದ್ದವು. ಒಬ್ಬರು ಎದ್ದರೆ ಉಳಿದ ಮೂವರು ಅಲುಗುತ್ತಿದ್ದರು. ಗಾಡಿಯ ಹಿಂದೆ ಬಂದವರು ನಾಲ್ಕೇ ಜನ: ಮಗಳು, ಫೋರ್‌ಮನ್, ಗುಮಾಸ್ತ, ಹೊಲಿಗೆಯಮ್ಮ. ಉಳಿದವರಿಗೆ ಕೆಲಸವಿತ್ತು.

ಅಲ್ಲಿಯ ನೌಕರ ಒಂದು ಹಾಳೆ ಹಿಡಿದು ಬಂದ. "ಮೈಮೇಲೆ ಲೋಹ ಏನಾದ್ರೂ ಇದೆಯಾ? ಉಂಗುರ, ವಾಚು, ಬೆಲ್ಟಿನ ಬಕಲ್ಲು?"

ಮಗಳು ಸ್ವಲ್ಪ ತಡವರಿಸಿ, "ಪ್ಯಾಂಟಿನ ಜೇಬಲ್ಲಿ ಒಂದಿದೆ," ಎಂದಳು. "ಕಪಾಟಲ್ಲಿ ಬಟ್ಟೆ ಸುತ್ತಿ ಇಟ್ಟಿದ್ರು. ಜೊತೇಲೇ ಹೋಗ್ಲಿ ಅಂತ ಹಾಕಿದ್ದೆ."

"ಆಗಲ್ಲಮ್ಮ. ಒಲೆ ಹಾಳಾಗುತ್ತೆ." ಅವನು ಒಳಗೆ ಹೋಗಿ ಅದನ್ನು ತಂದ. ಕೊಡುವ ಮುಂಚೆ ಇಕ್ಕಳವನ್ನು ಒಂದು ಸಲ ತೆರೆದು ಮುಚ್ಚಿದ. "ಎಣ್ಣೆ ಹಾಕಿ ಎಷ್ಟು ಚೆನ್ನಾಗಿ ಇಟ್ಕೊಂಡಿದಾರೆ," ಎಂದ. ಆ ದಿನ ಸತ್ತವನ ಬಗ್ಗೆ 'ಆದ್ರೆ' ಇಲ್ಲದೆ ಬಂದ ಮೊದಲ ಹೊಗಳಿಕೆ ಅದು.

ಮಗಳು ಅದನ್ನು ಫೋರ್‌ಮನ್ನನ ಕಡೆ ಚಾಚಿದಳು. "ನೀವು ಇಟ್ಕೊಳಿ ಸಾರ್."

"ನಾನಾ? ಇಷ್ಟು ವರ್ಷ ಬೈದು ಈಗ ಕಟ್ಕೊಂಡು ಓಡಾಡ್ಲಾ? ಅವನು ಎದ್ದು ಬಂದು ನಗ್ತಾನೆ."

"ಕೈಯಲ್ಲಿ ಕಸು ಇರೋ ಯಾರಿಗಾದ್ರೂ ಕೊಡಿ," ಎಂದ ಗುಮಾಸ್ತ. "ಪಾಪ, ಅವರಿಗಂತೂ ಉಪಯೋಗಕ್ಕೆ ಬರ್ಲಿಲ್ಲ."

ಮಗಳು ಅದನ್ನು ಮಡಿಲಲ್ಲಿಟ್ಟುಕೊಂಡಳು. "ಸಾರ್, ಡಿಪೋದಲ್ಲಿದ್ದಾಗಲೇ ಶುರುವಾಗಿತ್ತಾ ಇದು? ನಿಮಗೆ ಗೊತ್ತಿದ್ರೆ ಹೇಳಿ. ನನಗೆ ಬೇಜಾರಾಗುತ್ತೆ ಅಂತ ಮುಚ್ಚಿಡ್ಬೇಡಿ. ನಾನು ಎರಡು ವರ್ಷ ಮುಂಚೆ ಗಮನಿಸಿದ್ರೆ ಅಪ್ಪ ಇವತ್ತು..."

"ಅವರ ಕೈಗೆ ಏನೂ ಆಗಿರ್ಲಿಲ್ಲ," ಎಂದಳು ಹೊಲಿಗೆಯಮ್ಮ. ತನ್ನ ಧ್ವನಿ ಇಷ್ಟು ದೊಡ್ಡದಾಗಿ ಬರುತ್ತದೆಂದು ಅವಳಿಗೂ ಗೊತ್ತಿರಲಿಲ್ಲ. "ಬಿಚ್ಚಿದ್ದು ನಾನು."

ಮೂವರೂ ನೋಡಿದರು.

"ಅವರು ಬಿಗಿದು ಹೋಗ್ತಿದ್ರು, ನಾನು ಮೆಷೀನಿನ ಸ್ಕ್ರೂಡ್ರೈವರಲ್ಲಿ ಸಡಿಲ ಮಾಡ್ತಿದ್ದೆ. ಬೀರು, ಚಿಲಕ, ನಲ್ಲಿ, ಎಲ್ಲಾ ನಾನೇ. ಕೈ ನಿಲ್ಲಲ್ಲ ಅಂತ ಮೊದಲು ಮೆಟ್ಟಿಲಲ್ಲಿ ಹೇಳಿದೋಳೂ ನಾನೇ. ಅವರಿಗೆ ಯಾವ ಕಾಯಿಲೆನೂ ಇರ್ಲಿಲ್ಲ. ಡಾಕ್ಟರ್ ಸರಿಯಾಗೇ ಹೇಳಿದಾರೆ ಮಗಳೇ. ನಿನ್ನ ತಪ್ಪೇನೂ ಇಲ್ಲ."

ಫೋರ್‌ಮನ್ ತೊಡೆ ತಟ್ಟಿಕೊಂಡ. "ನಾನು ಹೇಳ್ಲಿಲ್ವಾ!" ಎಂದ ಗುಮಾಸ್ತನ ಕಡೆ ತಿರುಗಿ. "ಬೆಳಿಗ್ಗೆಯಿಂದ ಹೇಳ್ತಿದೀನಿ, ನಾನು ಹೇಳ್ಲಿಲ್ವಾ!" ಅವನ ಕಣ್ಣಿಂದ ನೀರು ಸುರಿಯುತ್ತಿತ್ತು, ನಾಲ್ಕೂ ಕುರ್ಚಿಗಳು ಅಲುಗುತ್ತಿದ್ದವು. ಗುಮಾಸ್ತ ಗೋಡೆಯ ಗಡಿಯಾರ ನೋಡಿದ. ಅವನಿಗೆ ಜೀವನದಲ್ಲಿ ಮೊದಲ ಸಲ ಮೌನ ತುಂಬಲು ಏನೂ ಸಿಗಲಿಲ್ಲ.

"ಎಷ್ಟು ಸಲ?" ಎಂದಳು ಮಗಳು.

"ತಿಂಗಳಿಗೊಂದು ಅಂದ್ಕೋ. ಆರು ವರ್ಷ."

ಮಗಳ ತುಟಿ ಗುಣಿಸಿತು. "ಒಂದು ಸಲಾನೂ ಹೇಳಿಬಿಡೋಣ ಅನ್ನಿಸ್ಲಿಲ್ವಾ?"

"ಪ್ರತಿ ಸಲಾನೂ ಅನ್ನಿಸ್ತು."

"ಮತ್ತೆ?"

"ಹೇಳಿದ್ರೆ ಬರೋದು ನಿಲ್ಲಿಸಿಬಿಡ್ತಾರೆ ಅಂತ ಹೆದರಿದೆ."

"ಹೇಳದೇನೂ ನಿಲ್ಲಿಸಿದ್ರಲ್ಲ."

ನೌಕರ ಬಾಗಿಲಲ್ಲಿ ನಿಂತು ಅವರ ಸರದಿ ಕೂಗಿದ. ಮಗಳು, ಫೋರ್‌ಮನ್, ಗುಮಾಸ್ತ ಎದ್ದು ಒಳಗೆ ಹೋದರು. ಬರಬೇಡಿ ಎಂದು ಯಾರೂ ಹೇಳಲಿಲ್ಲ, ಬನ್ನಿ ಎಂದೂ ಹೇಳಲಿಲ್ಲ. ಹೊಲಿಗೆಯಮ್ಮ ಖಾಲಿ ಸಾಲಿನ ತುದಿಯಲ್ಲಿ ಕೂತು, ಒಳಗೆ ಕಬ್ಬಿಣದ ಬಾಗಿಲೊಂದು ಎಳೆದು ಮುಚ್ಚಿದ ಸದ್ದು ಕೇಳಿದಳು. ಆ ಬಾಗಿಲಿನ ತಿರುಪೆಲ್ಲ ಸರಿಯಾಗಿವೆ ಎಂದು ಅವನಾಗಿದ್ದರೆ ಹೇಳುತ್ತಿದ್ದ ಎನಿಸಿ, ಅವಳಿಗೆ ಆಗ ಅಳು ಬಂತು.

*

ಬಸ್ಸು ಹಿಡಿದು ಒಬ್ಬಳೇ ಮನೆಗೆ ಬಂದಳು. ಮೆಟ್ಟಿಲಲ್ಲಿ ಗುಮಾಸ್ತನ ಹೆಂಡತಿ ಎದುರಾಗಿ, ಮಾತಾಡದೆ, ಗೋಡೆಯ ಕಡೆ ಸರಿದು ದಾರಿ ಬಿಟ್ಟಳು. ಸುದ್ದಿ ಅವಳಿಗಿಂತ ಮುಂಚೆ ಬಂದು ಮುಟ್ಟಿತ್ತು. ಬರಲಿ ಎಂದುಕೊಂಡಳು ಹೊಲಿಗೆಯಮ್ಮ. ಅವನ ಹೆಸರು ಕೆಟ್ಟಿದ್ದೂ ಇದೇ ಮೆಟ್ಟಿಲ ಮೇಲೆ, ಸರಿಹೋಗುವುದಾದರೂ ಇಲ್ಲೇ ಹೋಗಲಿ.

ನಾಲ್ಕು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ಮಗಳು. ಸ್ನಾನ ಮಾಡಿ ಬಟ್ಟೆ ಬದಲಿಸಿದ್ದಳು. ಒಂದು ಕೈಯಲ್ಲಿ ಮಲ್ಟಿಟೂಲ್ ಇತ್ತು.

"ಯಾವ ಬಾಗಿಲು?"

ಹೊಲಿಗೆಯಮ್ಮ ತೋರಿಸಿದಳು. ಮಗಳು ಬೀರುವಿನ ಮುಂದೆ ಮೊಣಕಾಲೂರಿದಳು. ಮೊದಲು ಚಾಕು ಬಂತು, ಆಮೇಲೆ ಕತ್ತರಿ, ಅರ. ಒಂದೊಂದಕ್ಕೂ ಉಗುರು ಸಿಕ್ಕಿಸಿ ಎಳೆಯಬೇಕಾಗಿತ್ತು.

"ಎಡಗಡೆ, ಒಳಗಿಂದ ಮೂರನೇದು," ಎಂದಳು ಹೊಲಿಗೆಯಮ್ಮ.

ಸ್ಕ್ರೂಡ್ರೈವರ್ ಸಿಕ್ಕಿತು. ಮಗಳು ಮೇಲಿನ ತಿರುಪಿಗೆ ಅದನ್ನಿಟ್ಟು ತಿರುಗಿಸಿದಳು. ಒಂದು ಸುತ್ತು, ಎರಡು ಸುತ್ತು. ಅಪ್ಪ ಅಂಟುಹಾಕಿ ತುಂಬಿದ್ದ ಮರ ತಿರುಪನ್ನು ಕಚ್ಚಿತು. ಅವಳ ಕೈ ನಿಂತಿತು. "ಹಿಡೀತಿದೆ," ಎಂದಳು. ಉಳಿದ ಐದನ್ನೂ ಬಿಗಿದಳು. ಎದ್ದು ಬಾಗಿಲನ್ನು ಮೂರು ಸಲ ತೆಗೆದು ಮುಚ್ಚಿದಳು. ಅದು ಎಲ್ಲೂ ಉಜ್ಜದೆ, ಅಲುಗದೆ ಬಂದು ಕೂತಿತು. ಮಗಳು ಹಣೆಯನ್ನು ಬಾಗಿಲಿಗೆ ಒತ್ತಿ ನಿಂತಳು. ಹೊಲಿಗೆಯಮ್ಮ ಕೈ ಮುಂದೆ ಚಾಚಿ, ಮುಟ್ಟುವ ಅಧಿಕಾರ ತನಗಿಲ್ಲವೆಂದು ಹಿಂದೆ ತೆಗೆದುಕೊಂಡಳು.

ಮಗಳು ಮುಖ ಒರೆಸಿಕೊಂಡಳು. "ಆ ಡಾಕ್ಟರ್ ಕೇಳಿದ್ರು, ಈ ವಯಸ್ಸಲ್ಲಿ ಕೈಗೆ ಅಷ್ಟೊಂದು ಬಲ ಯಾಕೆ ಬೇಕು ನಿಮಗೆ ಅಂತ. ಅಪ್ಪ ಹೇಳಿದ್ರು, ಎರಡನೇ ಮಹಡೀಲಿ ಒಂದು ಬಾಗಿಲಿದೆ ಡಾಕ್ಟ್ರೇ, ಅದೊಂದನ್ನ ನೆಟ್ಟಗೆ ನಿಲ್ಲಿಸಿಕೊಟ್ರೆ ಸಾಕು ಅಂತ. ನಾನು ನಕ್ಕಿದ್ದೆ."

ಅವಳು ಮಲ್ಟಿಟೂಲನ್ನು ಮಡಿಚಿ ಜೇಬಿಗೆ ಹಾಕಿಕೊಂಡಳು. ಅದೇ ಜೇಬಿನಿಂದ ಒಂದು ಸಣ್ಣ, ಗಟ್ಟಿ ಹಸಿರು ರಬ್ಬರ್ ಚೆಂಡು ತೆಗೆದಳು.

"ಇದು ಡಾಕ್ಟರ್ ಕೊಟ್ಟಿದ್ದಲ್ಲ. ಕೈಗೆ ಕಸು ಬರ್ಲಿ ಅಂತ ತಾವೇ ತಂದ್ಕೊಂಡಿದ್ದು. ಬೆಳಿಗ್ಗೆ ಇನ್ನೂರು, ಸಂಜೆ ಇನ್ನೂರು ಒತ್ತಿದ್ದನ್ನ ಕ್ಯಾಲೆಂಡರಲ್ಲಿ ಬರ್ಕೊಂಡಿದ್ರು. ಫೋನಲ್ಲಿ ಮಾತಾಡುವಾಗ್ಲೂ ಸದ್ದು ಬರ್ತಿತ್ತು. ಏನಪ್ಪಾ ಅದು ಅಂದ್ರೆ, ಏನಿಲ್ಲ ಅನ್ನೋರು. ನಿನ್ನೆ ಕುರ್ಚಿ ಕೆಳಗೆ ಬಿದ್ದಿತ್ತು. ಇಟ್ಕೊಳೋಕೆ ನನಗಾಗಲ್ಲ. ಬಿಸಾಕೋಕೂ ಆಗಲ್ಲ."

ಚೆಂಡನ್ನು ಮೆಷೀನಿನ ಹಲಗೆಯ ಮೇಲಿಟ್ಟು ಮಗಳು ಹೊರಟುಹೋದಳು. ಹೆಜ್ಜೆಯ ಸದ್ದು ಮೇಲೆ ಹತ್ತಿತು.

ಹೊಲಿಗೆಯಮ್ಮ ಚೆಂಡನ್ನು ಕೈಗೆತ್ತಿಕೊಂಡಳು. ಐದು ಕಡೆ ಹಸಿರು ಬಣ್ಣ ಪೂರ್ತಿ ಸವೆದು ಒಳಗಿನ ಬೂದು ರಬ್ಬರ್ ಕಾಣುತ್ತಿತ್ತು. ಅವಳು ತನ್ನ ಬೆರಳುಗಳನ್ನು ಒಂದೊಂದಾಗಿ ಆ ಜಾಗಗಳ ಮೇಲೆ ಇಡಲು ನೋಡಿದಳು. ನಾಲ್ಕು ಮುಟ್ಟಿದವು, ಕಿರುಬೆರಳು ತಲುಪಲಿಲ್ಲ. ಹಾಗೆಯೇ ಒತ್ತಿದಳು. ಚೆಂಡು ತಗ್ಗಲಿಲ್ಲ. ಸ್ಟೂಲಿನ ಮೇಲೆ ಕೂತು, ಅದನ್ನು ಎರಡು ಅಂಗೈಗಳ ನಡುವೆ ಹಿಡಿದು, ಉಸಿರು ಬಿಗಿಹಿಡಿದು ಒತ್ತಿದಳು. ಆಗಲೂ ಅದು ಒಂದು ಕೂದಲೆಳೆಯಷ್ಟೂ ತಗ್ಗಲಿಲ್ಲ.